ವಾರಂಟಿ ಇರುವಾಗಲೇ ಕಾರಿನ ಗುರುತು ಸಿಗದ ಸದ್ದನ್ನು ಹಿಡಿಯುವ ಬಗೆ

ಕಾಸರಗೋಡಿನ ಒಳನಾಡಿನಲ್ಲಿ ಮನೆಯಿರುವವರಿಗೆ ಕಾರಿನ ಸದ್ದಿನ ವಿಷಯದಲ್ಲಿ ಒಂದು ವಿಶೇಷ ತೊಂದರೆಯಿದೆ. ಬೆಳಿಗ್ಗೆ ಅಂಗಳದಿಂದ ಹೊರಟ ಕಾರು ತೋಟದ ಬದಿಯ ಮುರಕಲ್ಲಿನ (ಕೆಂಪುಕಲ್ಲಿನ) ಇಳಿಜಾರಿನಲ್ಲಿ ಸ್ಪಷ್ಟವಾಗಿ ಹೊರಡಿಸುತ್ತಿದ್ದ ಸದ್ದು, ಬದಿಯಡ್ಕ, ಸೀತಾಂಗೋಳಿ, ಕುಂಬಳೆಗಳನ್ನು ಹಿಂದೆ ಹಾಕಿ ಹೆದ್ದಾರಿ ಹಿಡಿದು ತಲಪಾಡಿ ದಾಟಿ ಮಂಗಳೂರಿನ ಸರ್ವಿಸ್ ಸೆಂಟರನ್ನು ಮುಟ್ಟುವ ಹೊತ್ತಿಗೆ ಪೂರ್ತಿ ಅಡಗಿರುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ರಾತ್ರಿಯ ತಂಪಿಗೆ ಬಿಗಿದಿದ್ದ, ಕೀಲುಗಳ ನಡುವಿನ ರಬ್ಬರ್ ಬುಷ್‌ಗಳು ಒಂದು ಗಂಟೆಯ ಓಟದಲ್ಲಿ ಬಿಸಿಯಾಗಿ ಮೆದುವಾಗುತ್ತವೆ, ಶಾಕ್ ಅಬ್ಸಾರ್ಬರಿನ ಒಳಗಿನ ಎಣ್ಣೆ ತೆಳ್ಳಗಾಗುತ್ತದೆ, ಬ್ರೇಕ್ ಡಿಸ್ಕಿನ ಮೇಲಿನ ತುಕ್ಕು ಸವೆದುಹೋಗುತ್ತದೆ. ಸರ್ವಿಸ್ ಸೆಂಟರಿನವರು ಓಡಿಸಿ ನೋಡುವುದು ಸಪಾಟಾದ ನಗರದ ರಸ್ತೆಯಲ್ಲಿ. ನಮ್ಮ ಇಳಿಜಾರು ಅಲ್ಲಿ ಇರುವುದಿಲ್ಲ.

ನನ್ನ ಕಾರಿನಲ್ಲಿ ಇಂಥ ಸದ್ದು ಹುಟ್ಟಿಕೊಂಡಾಗ ಅದಕ್ಕೆ ಹದಿನಾಲ್ಕು ತಿಂಗಳಾಗಿತ್ತು. ನಾನು ಎರಡು ಸಲ ಕಾರನ್ನು ಕೊಂಡುಹೋಗಿ, ಎರಡು ಸಲವೂ ‘ಸಸ್ಪೆನ್ಷನ್ ಏನೋ ಹೋಗಿದೆ’ ಎಂದು ಹೇಳಿದೆ (ರಸ್ತೆಯ ಕುಲುಕಾಟ ತಡೆಯುವ ಸ್ಪ್ರಿಂಗು, ಕೀಲುಗಳ ಜೋಡಣೆಯೇ ಸಸ್ಪೆನ್ಷನ್). ಅವರು ಎರಡು ಸಲವೂ ಕಾರನ್ನು ಎತ್ತಿ, ನಟ್ಟುಬೋಲ್ಟುಗಳನ್ನು ಬಿಗಿಮಾಡಿ, ‘ಯಾವ ದೋಷವೂ ಕಂಡುಬಂದಿಲ್ಲ’ ಎಂದು ಬರೆದುಕೊಟ್ಟರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇತ್ತು. ಸದ್ದು ಏನು, ಎಲ್ಲಿ, ಯಾವಾಗ ಎಂಬುದನ್ನು ಹೇಳುವ ಬದಲು ರೋಗದ ಹೆಸರನ್ನು ನಾನೇ ಇಟ್ಟುಕೊಂಡು ಹೋಗಿದ್ದೆ, ಅವರು ಆ ಹೆಸರನ್ನಷ್ಟೇ ಪರೀಕ್ಷಿಸಿದ್ದರು. ವಾರಂಟಿಯ ಕಾರಿನಲ್ಲಿ ಒಡೆಯನ ಕೆಲಸ ಭಾಗವನ್ನು ಬಿಚ್ಚಿ ಸರಿಮಾಡುವುದಲ್ಲ. ಸದ್ದು ಯಾವ ಸಂದರ್ಭದಲ್ಲಿ ತಪ್ಪದೆ ಬರುತ್ತದೆ ಎಂಬುದನ್ನು ಕಂಡುಕೊಂಡು, ಆ ಸಂದರ್ಭವನ್ನೇ ಸರ್ವಿಸ್ ಸೆಂಟರಿಗೆ ಒಯ್ಯುವುದು.

ಮೊದಲ ಕೆಲಸ ಕಾರನ್ನು ಖಾಲಿ ಮಾಡುವುದು. ಇದು ಹೇಳಲು ನಾಚಿಕೆಯಾಗುವಷ್ಟು ಸಣ್ಣ ವಿಷಯವಾದರೂ ಇದನ್ನು ಮಾಡದೆ ಮುಂದೆ ಹೋಗಬಾರದು. ಡಿಕ್ಕಿಯ ಹಾಸಿನ ಕೆಳಗಿನ ಜ್ಯಾಕು, ಪಾನ ಮತ್ತು ಸ್ಟೆಪ್ನಿ ಚಕ್ರವನ್ನು ಹಿಡಿದಿಡುವ ತಿರುಪು ಸಡಿಲವಾಗಿದ್ದರೆ ಅದರ ಸದ್ದು ಹಿಂದಿನ ಸಸ್ಪೆನ್ಷನ್ನಿನ ಸದ್ದಿನಂತೆಯೇ ಕೇಳಿಸುತ್ತದೆ. ಬಾಗಿಲಿನ ಜೇಬಿನ ಕೊಡೆ, ಸೀಟಿನಡಿಗೆ ಉರುಳಿದ ನೀರಿನ ಬಾಟಲಿ, ಕಳೆದ ವಾರ ಗೋಣಿಯಿಂದ ಜಾರಿದ ಒಂದೆರಡು ಅಡಿಕೆ, ಕನ್ನಡಕದ ಪೆಟ್ಟಿಗೆ, ಡ್ಯಾಶ್‌ಬೋರ್ಡಿನ ದೇವರ ಮೂರ್ತಿ, ಇವೆಲ್ಲ ಹೊರಗೆ ಬರಲಿ. ಹಿಂದಿನ ಸೀಟಿನಲ್ಲಿ ಯಾರೂ ಕುಳಿತುಕೊಳ್ಳದಾಗ ಸೀಟ್ ಬೆಲ್ಟಿನ ಲೋಹದ ನಾಲಗೆ ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿಯುವುದುಂಟು. ಅದನ್ನು ಸಿಕ್ಕಿಸಿ ನೋಡಬೇಕು. ಹಿಂದಿನ ನಂಬರ್ ಪ್ಲೇಟನ್ನು ಬೆರಳಿನಿಂದ ತಟ್ಟಿ ನೋಡಬೇಕು. ಕಾರು ಖಾಲಿಯಾದ ಮೇಲೂ ಸದ್ದು ಇದ್ದರೆ ಮಾತ್ರ ಮುಂದಿನ ಪರೀಕ್ಷೆಗಳಿಗೆ ಅರ್ಥವಿದೆ.

ನಮ್ಮ ಕಡೆಯ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಸಿಯ ಬ್ಲೋವರನ್ನು ಒಂದನೇ ಅಂಕಿಯಿಂದ ನಾಲ್ಕನೆಯದಕ್ಕೆ ಏರಿಸಿದಂತೆ ಸದ್ದಿನ ವೇಗವೂ ಏರುವುದಾದರೆ ಅದು ಎಂಜಿನ್ನಿನದೂ ಅಲ್ಲ, ಚಕ್ರದ್ದೂ ಅಲ್ಲ. ಬ್ಲೋವರಿನ ರೆಕ್ಕೆಗೆ ಒಣಗಿದ ಎಲೆಯೋ, ಇಲಿ ತಂದಿಟ್ಟ ಗೇರುಬೀಜವೋ ತಗಲುತ್ತಿದೆ. ಗೇರುಮರದ ಕೆಳಗೆ ಕಾರು ನಿಲ್ಲಿಸುವವರು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಇದನ್ನೇ ಮೊದಲು ಸಂಶಯಿಸಬಹುದು. ಇಲಿ, ಹೆಗ್ಗಣಗಳಿಂದ ಆದ ಹಾನಿ ಸಾಮಾನ್ಯವಾಗಿ ವಾರಂಟಿಯ ಒಳಗೆ ಬರುವುದಿಲ್ಲವೆಂಬುದೂ ನೆನಪಿರಲಿ. ವಯರು ಕಡಿದ ಗುರುತಿದ್ದರೆ ಅದು ವಿಮೆಯವರೊಡನೆ ಮಾತಾಡಬೇಕಾದ ವಿಷಯ.

ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸದ್ದು ಯಾವುದನ್ನು ಅನುಸರಿಸುತ್ತದೆ? ಎಂಜಿನ್ನಿನ ವೇಗವನ್ನೇ, ಚಕ್ರದ ವೇಗವನ್ನೇ, ರಸ್ತೆಯ ಉಬ್ಬುತಗ್ಗನ್ನೇ, ಅಥವಾ ನಮ್ಮ ಕೈಕಾಲು ಮಾಡುವ ಯಾವುದಾದರೂ ಕೆಲಸವನ್ನೇ? ನಿಂತ ಕಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿದಾಗಲೂ ಸದ್ದು ಬಂದರೆ ಅದು ಎಂಜಿನ್ ಅಥವಾ ಅದಕ್ಕೆ ತಗಲಿಕೊಂಡಿರುವ ಬೆಲ್ಟ್, ಪಂಪು, ಸೈಲೆನ್ಸರುಗಳ ಕಡೆಯದು. ನಿರ್ದಿಷ್ಟ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಲೆಕ್ಕ) ಮಾತ್ರ ತಗಡು ನಡುಗುವಂತೆ ಝರ್ರ್ ಎಂದು ಕೇಳಿ, ಸ್ವಲ್ಪ ಹೆಚ್ಚಿಸಿದರೆ ಮಾಯವಾಗುವ ಸದ್ದು ಹೆಚ್ಚಾಗಿ ಸೈಲೆನ್ಸರ್ ಕೊಳವೆಯ ಮೇಲಿನ ಶಾಖ ತಡೆಯುವ ತಗಡಿನದು. ಎಸಿಯನ್ನು ಹಾಕಿ, ತೆಗೆದು ನೋಡಿದರೆ ಕಂಪ್ರೆಸರಿನ ಪಾಲು ಬೇರೆಯಾಗುತ್ತದೆ. ಮ್ಯಾನುವಲ್ ಗೇರಿನ ಕಾರಿನಲ್ಲಿ ನ್ಯೂಟ್ರಲ್ಲಿನಲ್ಲಿ ನಿಂತಾಗ ಬರುವ ಗುರುಗುರು ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗನ್ನೂ, ಕ್ಲಚ್ ಒತ್ತಿದಾಗಲೇ ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನೂ ಸಂಶಯಿಸಬೇಕು.

ಚಕ್ರದ ಸದ್ದನ್ನು ಗುರುತಿಸಲು ಸ್ವಲ್ಪ ಲೆಕ್ಕ ಬೇಕು. ಈ ಲೆಕ್ಕ ನನಗೆ ಬಹಳ ಪ್ರಿಯ. ಸಣ್ಣ ಕಾರುಗಳಲ್ಲಿ ಕಾಣುವ 185/65 ಆರ್ 15 ಅಳತೆಯ ಟಯರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿನಲ್ಲಿ ಸಾಗುವ ದೂರವೂ ಹೆಚ್ಚುಕಡಿಮೆ ಅಷ್ಟೇ ಆದುದರಿಂದ ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ, 21ರಲ್ಲಿ ಮೂರು ಸುತ್ತು, 35ರಲ್ಲಿ ಐದು ಸುತ್ತು. ಮುಂಚಕ್ರ ಎಳೆಯುವ ಕಾರಿನಲ್ಲಿ ಚಕ್ರಕ್ಕೆ ಜೋಡಿಸಿದ ಡ್ರೈವ್ ಶಾಫ್ಟ್ ಕೂಡ ಇದೇ ಲೆಕ್ಕದಲ್ಲಿ ಸುತ್ತುತ್ತದೆ. ಹಾಗಾಗಿ ಗಂಟೆಗೆ 21 ಕಿಲೋಮೀಟರಿನಲ್ಲಿ ಸೆಕೆಂಡಿಗೆ ಮೂರು ಸಲ ಟೊಕ್ ಟೊಕ್ ಎಂದು ಕೇಳಿದರೆ, ಟಯರಿನ ಚಡಿಯಲ್ಲಿ ಸಿಕ್ಕಿದ ಜಲ್ಲಿಕಲ್ಲೋ, ಚುಚ್ಚಿಕೊಂಡ ಮೊಳೆಯೋ, ಡಿಸ್ಕಿನ ಒಂದು ಕಡೆಯ ಬಾಗುವಿಕೆಯೋ ಕಾರಣವಾಗಿರಬಹುದು. ಐಡಲ್‌ನಲ್ಲಿಯೇ (ಆಕ್ಸಿಲರೇಟರ್ ಒತ್ತದಿರುವಾಗ) ನಿಮಿಷಕ್ಕೆ ಎಂಟುನೂರು ಸುತ್ತುಗಳ ಆಸುಪಾಸಿನಲ್ಲಿ ತಿರುಗುವ ಎಂಜಿನ್ನಿಗೆ ಅಷ್ಟು ನಿಧಾನವಾದ ತಾಳ ಸಾಧ್ಯವಿಲ್ಲ. ಟಯರು ಬದಲಾಯಿಸಿದ ಮಾರನೆಯ ದಿನ ಇಂಥ ಸದ್ದು ಹುಟ್ಟಿದರೆ ಲೆಕ್ಕ ಬೇಡ. ತಕ್ಷಣ ನಿಲ್ಲಿಸಿ ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಬೇಕು.

ವೇಗ ಹೆಚ್ಚಿದಂತೆ ವಿಮಾನದ ದೂರದ ಮೊರೆತದ ಹಾಗೆ ಬೆಳೆಯುವ ಸದ್ದು ವೀಲ್ ಬೇರಿಂಗಿನದೋ ಟಯರಿನದೋ ಎಂಬುದು ಅನುಭವಿಗಳಿಗೂ ಗೊಂದಲ ತರುವ ಪ್ರಶ್ನೆ. ಕಾಂಕ್ರೀಟಿನಿಂದ ಡಾಂಬರಿಗೆ ಬಂದೊಡನೆ ಸ್ವರ ಬದಲಾದರೆ ಟಯರು. ರಸ್ತೆ ಯಾವುದಾದರೂ ಒಂದೇ ಸ್ವರವಾದರೆ ಬೇರಿಂಗ್ ಎಂಬ ಅನುಮಾನ ಹೆಚ್ಚು. ಆಗ ಉದ್ದನೆಯ ತಿರುವುಗಳಲ್ಲಿ ಕಿವಿಗೊಡಬೇಕು. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಚಕ್ರದ ಮೇಲೆ ಬೀಳುವುದರಿಂದ, ಎಡತಿರುವಿನಲ್ಲಿ ಸದ್ದು ಜೋರಾಗಿ ಬಲತಿರುವಿನಲ್ಲಿ ಇಳಿದರೆ ಬಲಬದಿಯ ಬೇರಿಂಗನ್ನು ನೋಡಬೇಕೆಂದು ಹೇಳಬಹುದು. ಚೆರ್ಕಳ ಕಲ್ಲಡ್ಕ ರಸ್ತೆಯಲ್ಲಿ ಪೆರ್ಲದಿಂದ ಅಡ್ಕಸ್ಥಳದ ಕಡೆಗೆ ಒಮ್ಮೆ ಹೋಗಿಬಂದರೆ ಬೇಕಾದಷ್ಟು ತಿರುವು ಸಿಗುತ್ತದೆ. ಹೆದ್ದಾರಿಯಲ್ಲಿ ಲೇನಿನಿಂದ ಲೇನಿಗೆ ಕಾರನ್ನು ತೂಗಾಡಿಸಿ ಪರೀಕ್ಷಿಸುವ ಸಾಹಸ ಬೇಡ.

ರಸ್ತೆ ಮತ್ತು ಸ್ಟೇರಿಂಗಿಗೆ ಸಂಬಂಧಪಟ್ಟ ಸದ್ದುಗಳೇ ನಮ್ಮಲ್ಲಿ ಅತಿ ಹೆಚ್ಚು. ನಿಧಾನವಾಗಿ ಸಣ್ಣ ಸಣ್ಣ ಕಲ್ಲುಗಳ ಮೇಲೆ ಹೋಗುವಾಗ ಕಟಕಟ ಎಂದು, ದೊಡ್ಡ ಹಂಪಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಸುಮ್ಮನಾಗುವ ಸದ್ದು ಸ್ಟೆಬಿಲೈಸರ್ ಲಿಂಕಿನ, ಅಂದರೆ ಎಡಬಲ ಚಕ್ರಗಳನ್ನು ಜೋಡಿಸುವ ಸರಳಿನ ಕೊಂಡಿಯ, ಲಕ್ಷಣ. ಏಕೆಂದರೆ ಎಡಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿದಾಗ ಮಾತ್ರ ಆ ಸರಳಿಗೆ ಕೆಲಸ. ಹಂಪನ್ನು ಇಳಿಯುವಾಗ ಹಳೆಯ ಮರದ ಬಾಗಿಲಿನಂತೆ ಕಿರ್ರ್ ಎನ್ನುವುದು ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬುಷ್ ಇರಬಹುದು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಮುಂದಕ್ಕೆ ಎಳೆದಾಗ ಚಕ್ರದ ತಾಳದಲ್ಲಿಯೇ ಟಕಟಕ ಬಂದರೆ ಡ್ರೈವ್ ಶಾಫ್ಟಿನ ಹೊರತುದಿಯ ಕೀಲಾದ ಸಿವಿ ಜಾಯಿಂಟನ್ನೂ, ಅದರ ರಬ್ಬರ್ ಹೊದಿಕೆ ಹರಿದು ಗ್ರೀಸು ಚಿಮ್ಮಿದೆಯೇ ಎಂಬುದನ್ನೂ ನೋಡಬೇಕು. ನಿಂತಲ್ಲಿಯೇ ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗು ಬಿಗಿದು ಒಮ್ಮೆಲೇ ಬಿಟ್ಟಂತೆ ‘ಟಂಕ್’ ಎಂದರೆ ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಕೂಡಿದ ಕಂಬ) ತಲೆಯ ಮೌಂಟಿಂಗಿನ ಕಡೆ ಗಮನ ಹೋಗಬೇಕು. ಬಾನೆಟ್ ತೆರೆದರೆ ಸ್ಟ್ರಟ್ಟಿನ ತಲೆ ಕಾಣುವ ಕಾರುಗಳಲ್ಲಿ, ಎಂಜಿನ್ ಆಫ್ ಇರುವಾಗ ಅದರ ಮೇಲೆ ಬೆರಳಿಟ್ಟು ಇನ್ನೊಬ್ಬರಿಂದ ಸ್ಟೇರಿಂಗ್ ತಿರುಗಿಸಿದರೆ ಆ ಜಿಗಿತ ಬೆರಳಿಗೆ ತಿಳಿಯುತ್ತದೆ. ಕಿವಿಗಿಂತ ಬೆರಳು ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

ಮಳೆಗಾಲದ ಸದ್ದುಗಳನ್ನು ಪ್ರತ್ಯೇಕವಾಗಿ ತಿಳಿದಿರಬೇಕು, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾರು ಒಣಗುವುದೇ ಅಪರೂಪ. ಬೆಳಿಗ್ಗೆ ಮೊದಲ ಮೂರು ನಾಲ್ಕು ಬ್ರೇಕುಗಳಲ್ಲಿ ಚರಚರ ಕೇಳಿ ಆಮೇಲೆ ನಿಲ್ಲುವುದು ಡಿಸ್ಕಿನ ಮೇಲೆ ರಾತ್ರಿ ಹಿಡಿದ ತುಕ್ಕು, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಅದೇ ಚರಚರ ಬ್ರೇಕ್ ಒತ್ತದೆಯೂ ಇಡೀ ದಿನ ಬಂದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿಯ ಚೂರು ಸಿಕ್ಕಿರುವ ಸಂಭವ ಬಹಳ. ಜನ ಇಲ್ಲದ ಜಾಗದಲ್ಲಿ ನಿಧಾನವಾಗಿ ಸ್ವಲ್ಪ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದರೆ ಹಲವು ಸಲ ಅದು ತಾನಾಗಿಯೇ ಉದುರುತ್ತದೆ. ಬ್ರೇಕ್ ಒತ್ತಿದಾಗ ಲೋಹವು ಲೋಹವನ್ನು ಅರೆಯುವ ಸದ್ದಾದರೆ ಮಾತ್ರ ಓಡಿಸಲೇಬಾರದು. ಬಾಗಿಲಿನೊಳಗೆ ನೀರು ಕುಲುಕುವ ಸದ್ದು ಕೇಳಿದರೆ ಬಾಗಿಲಿನ ಕೆಳ ಅಂಚಿನ ನೀರು ಹೋಗುವ ತೂತುಗಳು ಕೆಸರಿನಿಂದ ಮುಚ್ಚಿವೆ ಎಂದರ್ಥ. ತೆಂಗಿನ ಗರಿಯ ಕಡ್ಡಿಯೊಂದು ಸಾಕು. ವಿಂಡ್‌ಶೀಲ್ಡಿನ ಬುಡದ ಜಾಲರಿಯಲ್ಲಿ ಹಲಸಿನ ಎಲೆ ಕೊಳೆತು ನಿಂತಾಗಲೂ ಇದೇ ತರಹದ ಸದ್ದಾಗುತ್ತದೆ, ಅಲ್ಲಿಂದ ನೀರು ಒಳಗೆ ಇಳಿದರೆ ಹಾಸಿನ ಕೆಳಗೆ ವಯರುಗಳಿವೆ. ಥಂಡಿ ಬೆಳಗಿನಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕೆಲವು ಸೆಕೆಂಡು ಕೀರುವುದುಂಟು. ದಿನವೂ ಕೀರಿದರೆ ತಿಳಿಸಬೇಕು.

ದೋಷವಲ್ಲದ ಸದ್ದುಗಳೂ ಇವೆ. ಕಾರು ನಿಲ್ಲಿಸಿದ ಮೇಲೆ ತಣಿಯುವ ಸೈಲೆನ್ಸರಿನ ಟಿಕ್ ಟಿಕ್, ತಾನೇ ಓಡುವ ರೇಡಿಯೇಟರ್ ಫ್ಯಾನು, ಎಸಿ ಆಫ್ ಮಾಡಿದ ಬಳಿಕದ ಹಿಸ್, ಬ್ರೇಕ್ ಹಾಕಿದಾಗ ಟ್ಯಾಂಕಿನಲ್ಲಿ ಪೆಟ್ರೋಲು ಕುಲುಕುವುದು, ಹೊರಟ ಕೂಡಲೇ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಹಾಕಿಕೊಳ್ಳದಂತೆ ನೋಡುವ ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಒಂದು ಕ್ಷಣದ ಗರ್. ಇವುಗಳಿಗಾಗಿ ಮಂಗಳೂರಿಗೆ ಹೋಗಿ ಬಂದರೆ ಮುಂದಿನ ಸಲ ನಿಜವಾದ ದೂರನ್ನೂ ಅವರು ಅರ್ಧ ಕಿವಿಯಿಂದ ಕೇಳುತ್ತಾರೆ.

ಸದ್ದು ಯಾವ ಮೂಲೆಯದೆಂದು ಕಂಡುಹಿಡಿಯಲು ನಮ್ಮ ಊರಿನ ಕೆಂಪುಕಲ್ಲಿನ ಪಾಗಾರಕ್ಕಿಂತ ಒಳ್ಳೆಯ ಸಾಧನವಿಲ್ಲ. ಕಿಟಕಿ ಇಳಿಸಿ, ಪಾಗಾರದ ಪಕ್ಕದಲ್ಲಿ ನಿಧಾನವಾಗಿ ಸಾಗಿದರೆ ಆ ಬದಿಯ ಸದ್ದು ಗೋಡೆಗೆ ಬಡಿದು ಕಿವಿಗೆ ಮರಳುತ್ತದೆ. ತಿರುಗಿ ಬರುವಾಗ ಇನ್ನೊಂದು ಬದಿಯನ್ನು ಕೇಳಬಹುದು. ಚಾಲಕನ ಕಿವಿ ಒಂದೇ ಕಡೆ ಇರುವುದರಿಂದ ಇನ್ನೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅವರು ಹೇಳಿದ್ದನ್ನೂ ಬರೆದುಕೊಳ್ಳಬೇಕು. ಮೊಬೈಲಿನ ವೀಡಿಯೋವನ್ನು ಅವರೇ ತೆಗೆಯಲಿ, ಚಾಲಕನು ಫೋನು ಮುಟ್ಟಬಾರದು. ವೀಡಿಯೋದಲ್ಲಿ ಸ್ಪೀಡೋಮೀಟರ್ ಮತ್ತು ಆರ್‌ಪಿಎಂ ಮುಳ್ಳು ಕಾಣುವಂತಿರಬೇಕು, ರೇಡಿಯೋ ಮತ್ತು ಬ್ಲೋವರ್ ಆಫ್ ಇರಬೇಕು. ಒಂದು ವಾರ ದಿನಾಂಕ, ಓಡಿದ ಕಿಲೋಮೀಟರ್, ಹವೆ, ಎಷ್ಟು ನಿಮಿಷದ ಮೇಲೆ ಸದ್ದು ನಿಂತಿತು ಎಂಬುದನ್ನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದರೂ ಸಾಕು.

ಸರ್ವಿಸ್ ಸೆಂಟರಿನಲ್ಲಿ ನಮಗೆ ಎದುರಾಗುವ ಇನ್ನೊಂದು ಸಮಸ್ಯೆ ಭಾಷೆಯದು. ಕನ್ನಡದಲ್ಲಿ ಸದ್ದಿಗೆ ಎಷ್ಟು ಅನುಕರಣ ಪದಗಳಿದ್ದರೂ, ಕಾಸರಗೋಡಿನ ದೂರು ಕೇಳಿಕೊಳ್ಳುವ ಮಲಯಾಳ ಮಾತಿನ ಅಡ್ವೈಸರಿಗೂ ಮಂಗಳೂರಿನ ತುಳು ಮಾತಿನ ಮೆಕ್ಯಾನಿಕ್ಕಿಗೂ ನನ್ನ ‘ಗರಗರ’ ಒಂದೇ ಸದ್ದಾಗಿ ಕೇಳಿಸಬೇಕೆಂದಿಲ್ಲ, ಮತ್ತು ಕೊನೆಗೆ ಕೆಲಸದ ಚೀಟಿಯಾದ ಜಾಬ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ‘ಸದ್ದಿನ ದೂರು’ ಎಂಬಷ್ಟೇ ಉಳಿಯುತ್ತದೆ. ಆದುದರಿಂದ ಬಾಯಿಮಾತಿಗಿಂತ ಸಂದರ್ಭವನ್ನು ಬರೆಸಬೇಕು. ಮೂರನೆಯ ಭೇಟಿಯಲ್ಲಿ ನಾನು ಬರೆಸಿದ್ದು ಇಷ್ಟು: ಬೆಳಿಗ್ಗೆ ಕಾರು ತಣ್ಣಗಿರುವಾಗ, ಮೊದಲ ಗೇರಿನಲ್ಲಿ, ಗಂಟೆಗೆ 10 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ, ಇಳಿಜಾರಿನಲ್ಲಿ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದಾಗ ಮುಂಭಾಗದ ಎಡಗಡೆಯಿಂದ ಒಂದೇ ಬಾರಿ ಟಂಕ್ ಎಂಬ ಸದ್ದು, ಹದಿನೈದು ನಿಮಿಷ ಓಡಿಸಿದ ಮೇಲೆ ಇಲ್ಲ. ವೀಡಿಯೋವನ್ನು ಅಡ್ವೈಸರಿನ ಫೋನಿಗೆ ಕಳಿಸಿ, ಕಾರನ್ನು ರಾತ್ರಿ ಅಲ್ಲಿಯೇ ಬಿಟ್ಟು, ಬೆಳಿಗ್ಗೆ ನಾನು ಬರುವ ಮೊದಲು ಯಾರೂ ಸ್ಟಾರ್ಟ್ ಮಾಡಬಾರದೆಂದು ಕೇಳಿಕೊಂಡೆ. ಮಾರನೆಯ ದಿನ ಎಂಟೂವರೆಗೆ, ಅವರದೇ ನೆಲಮಾಳಿಗೆಯ ಇಳಿಜಾರಿನಲ್ಲಿ, ಹಿರಿಯ ಮೆಕ್ಯಾನಿಕ್ ಪಕ್ಕದಲ್ಲಿ ಕುಳಿತಿರುವಾಗಲೇ ಸದ್ದು ಬಂತು. ಎಡ ಸ್ಟ್ರಟ್ಟಿನ ತಲೆಯ ಮೌಂಟಿಂಗು. ಮಧ್ಯಾಹ್ನದೊಳಗೆ ವಾರಂಟಿಯಲ್ಲಿಯೇ ಬದಲಾಯಿತು.

ಈ ನಡುವೆ ಮಾಡಬಾರದ ಕೆಲವು ಕೆಲಸಗಳಿವೆ. ಊರಿನ ಗ್ಯಾರೇಜಿನ ಪರಿಚಿತ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಒಂದು ಸುತ್ತು ಹೋಗುವುದು ಬಹಳ ಉಪಯುಕ್ತ, ಆತನ ಕಿವಿ ನಮ್ಮ ಕಿವಿಗಿಂತ ಪಳಗಿದ್ದು. ಆದರೆ ಆತ ಏನನ್ನೂ ಬಿಚ್ಚಬಾರದು, ಬಿಚ್ಚಿದ ಗುರುತೇ ಮುಂದೆ ವಾರಂಟಿ ನಿರಾಕರಿಸಲು ನೆಪವಾಗಬಹುದು. ಬುಷ್‌ಗಳಿಗೆ ಎಂಜಿನ್ ಆಯಿಲ್ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಉಪಾಯ ಇನ್ನೂ ಕೆಟ್ಟದ್ದು: ಖನಿಜತೈಲಕ್ಕೆ ರಬ್ಬರು ಉಬ್ಬಿ ಹಾಳಾಗುತ್ತದೆ, ಜೊತೆಗೆ ತೋರಿಸಬೇಕಾದ ಸದ್ದು ಹತ್ತು ದಿನ ಮರೆಯಾಗುತ್ತದೆ. ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕುವುದು ಯಾವ ಕಾರಣಕ್ಕೂ ಸಲ್ಲದು. ಎಣ್ಣೆಯ ಕೆಂಪು ದೀಪ ಉರಿದು ಎಂಜಿನ್ ಬಡಿಯುತ್ತಿದ್ದರೆ, ಅಥವಾ ಸದ್ದಿನೊಡನೆ ಸ್ಟೇರಿಂಗ್ ಅಲುಗಾಡುತ್ತಿದ್ದರೆ, ರೆಕಾರ್ಡು ಮಾಡುವ ಯೋಚನೆ ಬಿಟ್ಟು ಬದಿಗೆ ನಿಲ್ಲಿಸಿ, ಕಂಪೆನಿಯ ರಸ್ತೆಬದಿ ಸಹಾಯಕ್ಕೆ ಫೋನು ಮಾಡಿ ಎತ್ತಿಸಿಕೊಂಡು ಹೋಗಬೇಕು.

ವಾರಂಟಿ ಪುಸ್ತಕವನ್ನು ಒಮ್ಮೆ ಪೂರ್ತಿ ಓದುವುದು ಒಳ್ಳೆಯದು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ರಬ್ಬರು ಮೊದಲಾದ ಸವೆಯುವ ವಸ್ತುಗಳು ಸಾಮಾನ್ಯವಾಗಿ ಹೊರಗುಳಿಯುತ್ತವೆ. ಕಲ್ಲು ತಾಗಿ ಜೋತುಬಿದ್ದ ತಳದ ಪ್ಲಾಸ್ಟಿಕ್ಕೂ ಹಾಗೆಯೇ. ಮಂಗಳೂರಿನಲ್ಲಿ ಕೊಂಡ ಕಾರು ಕೇರಳದ ಕಾಸರಗೋಡಿನ ಕೆಎಲ್ 14ರಲ್ಲಿ ನೋಂದಣಿಯಾಗಿದ್ದರೂ ಕಂಪೆನಿಯ ವಾರಂಟಿಗೆ ರಾಜ್ಯದ ಗಡಿ ಸಾಮಾನ್ಯವಾಗಿ ಅಡ್ಡಬರುವುದಿಲ್ಲ, ಹತ್ತಿರದ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಬಹುದು. ಅತಿಮುಖ್ಯವಾದುದು ದಿನಾಂಕ. ವಾರಂಟಿ ಮುಗಿಯುವ ಮೊದಲು ದೂರು ಲಿಖಿತವಾಗಿ ದಾಖಲಾಗಿದ್ದರೆ, ಪರಿಹಾರ ತಡವಾದರೂ ದೋಷ ವಾರಂಟಿಯ ಅವಧಿಯದೆಂದು ವಾದಿಸಲು ಆಧಾರವಿರುತ್ತದೆ. ‘ಮುಂದಿನ ಸರ್ವಿಸಿನಲ್ಲಿ ನೋಡುವಾ’ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಆದ್ದರಿಂದ ಸದ್ದು ಸಿಗದೇ ಇದ್ದ ದಿನವೂ ಜಾಬ್ ಕಾರ್ಡಿನ ಪ್ರತಿಯನ್ನು ಕೇಳಿ ತೆಗೆದುಕೊಳ್ಳಬೇಕು.

ಮೂರು ನಾಲ್ಕು ಭೇಟಿಗಳ ಮೇಲೂ ಪ್ರಯೋಜನವಾಗದಿದ್ದರೆ ಜಾಬ್ ಕಾರ್ಡುಗಳ ಪ್ರತಿಗಳೊಡನೆ ಕಂಪೆನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದು, ಅಲ್ಲಿಯೂ ಉತ್ತರ ಸಿಗದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ಕೊಟ್ಟಿರುವುದರಿಂದ, ಕಾರನ್ನು ಗಡಿಯಾಚೆ ಕೊಂಡಿದ್ದರೂ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಐದರಿಂದ ಹತ್ತು ಲಕ್ಷ ರೂಪಾಯಿ ಬೆಲೆಯ ಕಾರಿಗೆ ಶುಲ್ಕ 200 ರೂಪಾಯಿ. ಆದರೆ ಒಂದು ಟಂಕ್ ಸದ್ದಿಗಾಗಿ ಅಲ್ಲಿಯವರೆಗೆ ಹೋಗುವ ಪ್ರಸಂಗ ನನ್ನ ಪರಿಚಯದವರಲ್ಲಿ ಯಾರಿಗೂ ಬಂದಿಲ್ಲ. ಸದ್ದು ಒಮ್ಮೆ ಮೆಕ್ಯಾನಿಕ್ಕಿನ ಕಿವಿಗೆ ಬಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಭಾಗ ಬದಲಾದ ದಿನ ಹಳೆಯದನ್ನು ತೋರಿಸಲು ಕೇಳಿ, ಯಾವ ಭಾಗ ಬದಲಾಯಿತೆಂದು ಬಿಲ್ಲಿನಲ್ಲಿ ಸೊನ್ನೆ ರೂಪಾಯಿಯ ಎದುರಿಗೆ ಬರೆದಿದೆಯೇ ಎಂದು ನೋಡಬೇಕು. ಆ ಸಂಜೆ ಮನೆಗೆ ಬರುವ ದಾರಿಯ ಮೌನವನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬಾರದು, ಕಾರು ಬಿಸಿಯಾಗಿರುತ್ತದೆ. ಮಾರನೆಯ ಬೆಳಿಗ್ಗೆ ಕಿಟಕಿ ಇಳಿಸಿ, ಅದೇ ಮುರಕಲ್ಲಿನ ಇಳಿಜಾರಿನಲ್ಲಿ, ಅದೇ ಗೇರಿನಲ್ಲಿ, ಸ್ಟೇರಿಂಗನ್ನು ಅದೇ ಕಡೆಗೆ ತಿರುಗಿಸಿ ಕೇಳಬೇಕು.